ಎಂಟು ಗುಂಟೆಯ ವಿಶ್ವಕಪ್

ಕಳೆದ ತಿಂಗಳು ಗೋಕಾಕದಲ್ಲಿ ನಾವು ಗೆಳತಿಯರು ಸೇರಿ ಓದುವ ಕೋಣೆಯಲ್ಲಿ ಅಣಕು ಪರೀಕ್ಷೆ ಇತ್ತು. ನೂರು ಪ್ರಶ್ನೆ, ಒಂದೂವರೆ ಗಂಟೆ. ಅರವತ್ತೇಳನೇ ಪ್ರಶ್ನೆ ಹೀಗಿತ್ತು: ‘ಮೊದಲ ಒಳಾಂಗಣ ಹಾಕಿ ವಿಶ್ವಕಪ್ ನಡೆದ ನಗರ ಯಾವುದು?’ ಬಾರ್ಸಿಲೋನಾ, ಲೈಪ್‌ಜಿಗ್, ಲಾಹೋರ್, ಕ್ವಾಲಾಲಂಪುರ ಎಂಬ ನಾಲ್ಕು ಆಯ್ಕೆ. ಹಾಕಿ ಪ್ರಶ್ನೆ ಕಂಡರೆ ನನಗೆ ಸ್ವಲ್ಪ ಸೊಕ್ಕು. ಪೂರ್ತಿ ಓದದೆ ಬಾರ್ಸಿಲೋನಾಕ್ಕೆ ಗುರುತು ಹಾಕಿದೆ. ಹಾಕಿಯ ಮೊದಲ ವಿಶ್ವಕಪ್ 1971ರಲ್ಲಿ ನಡೆದದ್ದು ಅಲ್ಲೇ. ಆದರೆ ಪ್ರಶ್ನೆಯಲ್ಲಿ ‘ಒಳಾಂಗಣ’ ಎಂಬ ಪದವಿತ್ತು. ಉತ್ತರ ಲೈಪ್‌ಜಿಗ್, 2003. ಒಂದು ಅಂಕ ಹೋಯಿತು, ತಪ್ಪಿಗೆ ಮೇಲೆ ಕಾಲು ಅಂಕದ ದಂಡ.

‘ಹಾಕಿ ಆಡಿದಾಕೀನ ಹಾಕಿ ಪ್ರಶ್ನೆ ತಪ್ಪಿದ್ರ ನಮ್ಮ ಗತಿ ಏನವ್ವಾ’ ಎಂದು ಪಕ್ಕದವಳು ನಕ್ಕಳು. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯನ್ನು ಒಮ್ಮೆ ಬರೆದು ಸ್ವಲ್ಪದರಲ್ಲಿ ತಪ್ಪಿಸಿಕೊಂಡವಳು ನಾನು. ಕಾಲು ಅಂಕದ ಬೆಲೆ ನನಗೆ ಗೊತ್ತು. ಅಂದು ರಾತ್ರಿ ಸಿಟ್ಟಿನಿಂದಲೇ ಮೊಬೈಲ್ ಹಿಡಿದು ಒಳಾಂಗಣ ಹಾಕಿಯ ಬಗ್ಗೆ ಓದತೊಡಗಿದೆ. ಅರ್ಧ ಗಂಟೆಯಲ್ಲಿ ಸಿಟ್ಟು ಇಳಿಯಿತು. ಅದರ ನಿಯಮಗಳನ್ನು ಓದುತ್ತ ಹೋದಂತೆ ಇದು ನನಗೆ ಗೊತ್ತಿರುವ ಆಟ ಅನ್ನಿಸಿತು. ಮೂಡಲಗಿ ತಾಲ್ಲೂಕಿನ ನಮ್ಮೂರಿನ ಬೆಲ್ಲದ ಶೆಡ್ಡಿನಲ್ಲಿ ಮೂರು ಮಳೆಗಾಲ ನಾನು ಆಡಿದ್ದು ಬಹುಪಾಲು ಇದನ್ನೇ.

ಎರೆ ಮಣ್ಣು ಕಲಿಸಿದ ಆಟ

ನಮ್ಮ ಭಾಗದ ಎರೆ ಮಣ್ಣು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಕಬ್ಬಿಗೆ ಅದು ಬಂಗಾರ, ಹಾಕಿಗೆ ಶತ್ರು. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು, ಚೆಂಡು ಎತ್ತ ಪುಟಿಯುತ್ತದೆಂದು ದೇವರಿಗೂ ಗೊತ್ತಾಗದು. ಒಂದು ದೊಡ್ಡ ಮಳೆ ಬಿದ್ದರೆ ಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಎರಡು ಕಿಲೊ ಭಾರವಾಗುತ್ತದೆ, ಸ್ಟಿಕ್ ನೆಲದಿಂದ ಏಳುವುದಿಲ್ಲ. ಶಾಲೆಯ ಕ್ರೀಡಾಕೂಟಗಳೆಲ್ಲ ಬರುವುದು ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಅಂದರೆ ತಯಾರಿ ನಡೆಯಬೇಕಾದ ದಿನಗಳಲ್ಲೇ ಮೈದಾನ ಕೆಸರು.

ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಪಿ.ಟಿ. ಸರ್ ಇದಕ್ಕೆ ಒಂದು ಉಪಾಯ ಹುಡುಕಿದರು. ಊರ ಹೊರಗೆ ಗಾಣದ ಪಕ್ಕ ಬೆಲ್ಲ ಇಡುವ ದೊಡ್ಡ ಶೆಡ್ಡು. ಗಾಣ ನಡೆಯುವ ಕಾಲದಲ್ಲಿ ಅಲ್ಲಿ ಬೆಲ್ಲದ ಪೆಂಟೆಗಳ ರಾಶಿ, ಮಳೆಗಾಲದಲ್ಲಿ ಮುಕ್ಕಾಲು ಖಾಲಿ. ಸಿಮೆಂಟಿನ ನೆಲ, ತಗಡಿನ ಗೋಡೆ, ತಗಡಿನ ಮಾಡು. ‘ಮೈದಾನ ಒಣಗೂ ತನಕಾ ಕುಂತ್ರ ಹಬ್ಬ ಬರ್ತೈತಿ. ಬರ್ರಿ, ಶೆಡ್ಡಿನ್ಯಾಗ ಆಡೂಣು’ ಅಂದರು ಸರ್.

ಶೆಡ್ಡಿನ ಕಾಕಾ ಒಪ್ಪಿದರು. ಆದರೆ ಎರಡು ಕರಾರು ಹಾಕಿದರು. ‘ಚೆಂಡು ಮ್ಯಾಲ ಏಳಬಾರದ್ ನೋಡ್ರಿ ಸರ. ಪತ್ರಾಕ್ಕ ತೂತು ಬಿದ್ರ ಉಳಿದ ಬೆಲ್ಲ ತೊಯ್ತೈತಿ. ಮತ್ತ ಬಡಗಿ ಎತ್ತಿ ಹೊಡೀಬಾರದು. ಸದ್ದಿಗೆ ದನ ಬೆದರ್ತಾವು.’ ಸ್ಟಿಕ್ಕಿಗೆ ಅವರು ಕೊನೆಯವರೆಗೂ ಬಡಗಿ ಎಂದೇ ಅನ್ನುತ್ತಿದ್ದರು.

ಹೀಗೆ ನಮ್ಮ ನಿಯಮಗಳು ಹುಟ್ಟಿದವು. ಹೊಡೆಯುವಂತಿಲ್ಲ, ತಳ್ಳಬೇಕು. ಎತ್ತುವಂತಿಲ್ಲ, ನೆಲಕ್ಕೆ ಅಂಟಿಸಿ ಆಡಬೇಕು. ಜಾಗ ಚಿಕ್ಕದು, ಆದ್ದರಿಂದ ಒಂದು ಕಡೆ ಆರೇ ಜನ. ಚೆಂಡು ತಗಡಿಗೆ ಬಡಿಯದಿರಲೆಂದು ಶಾಲೆಯ ಹಳೆಯ ಬೆಂಚುಗಳನ್ನು ಎರಡೂ ಬದಿಗೆ ಅಡ್ಡ ಮಲಗಿಸಿದೆವು. ಚೆಂಡು ಬೆಂಚಿಗೆ ಬಡಿದು ಮರಳಿ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಆ ಬೆಂಚನ್ನೇ ಏಳನೇ ಆಟಗಾರ್ತಿಯಂತೆ ಬಳಸುವುದನ್ನು ಕಲಿತೆವು. ಎದುರಾಳಿ ಅಡ್ಡ ಬಂದರೆ ಚೆಂಡನ್ನು ಬೆಂಚಿಗೆ ತಳ್ಳಿ, ಆಕೆಯ ಬೆನ್ನ ಹಿಂದೆ ಹೋಗಿ ಹಿಡಿಯುವುದು.

ಈಗ ಒಳಾಂಗಣ ಹಾಕಿಯ ಅಂತರರಾಷ್ಟ್ರೀಯ ನಿಯಮ ನೋಡಿ. ಒಂದು ತಂಡದಲ್ಲಿ ಗೋಲ್‌ಕೀಪರ್ ಸೇರಿ ಆರು ಜನ. ಚೆಂಡನ್ನು ಹೊಡೆಯುವಂತಿಲ್ಲ, ತಳ್ಳಬೇಕು. ಗೋಲಿನತ್ತ ಗುರಿ ಇಡುವಾಗ ಬಿಟ್ಟು ಉಳಿದಂತೆ ಬೇಕೆಂದೇ ಎತ್ತುವಂತಿಲ್ಲ. ಅಂಕಣದ ಎರಡೂ ಬದಿಗೆ ಹತ್ತು ಸೆಂಟಿಮೀಟರ್ ಎತ್ತರದ ಹಲಗೆ, ಅದಕ್ಕೆ ಬಡಿದ ಚೆಂಡು ಆಟದಲ್ಲೇ ಇರುತ್ತದೆ. ಬೆಲ್ಲ ತೊಯ್ಯಬಾರದೆಂದು ನಮ್ಮ ಕಾಕಾ ಹಾಕಿದ ಕರಾರನ್ನು ಓದಿದಂತಾಯಿತು.

ಚಳಿ ಕಲಿಸಿದ ಆಟ

ನಮ್ಮನ್ನು ಮಣ್ಣು ಒಳಗೆ ಅಟ್ಟಿತು. ಜರ್ಮನಿಯವರನ್ನು ಅಟ್ಟಿದ್ದು ಚಳಿ. ಅಲ್ಲಿ ಡಿಸೆಂಬರ್ ಬಂದರೆ ಹುಲ್ಲಿನ ಮೈದಾನ ಹಿಮದಡಿ ಹೋಗುತ್ತದೆ. ಎರಡನೇ ಮಹಾಯುದ್ಧದ ನಂತರ, 1950ರ ದಶಕದಲ್ಲಿ, ಅಲ್ಲಿನ ಹಾಕಿ ಕ್ಲಬ್‌ಗಳು ಚಳಿಗಾಲದಲ್ಲಿ ಕೈ ಕಟ್ಟಿ ಕೂರುವ ಬದಲು ಹ್ಯಾಂಡ್‌ಬಾಲ್ ಆಡುವ ಸಭಾಂಗಣಗಳಿಗೆ ಹೊಕ್ಕವು. ಅಂಕಣ ಬೇರೆ ಕಟ್ಟಲಿಲ್ಲ. ಹ್ಯಾಂಡ್‌ಬಾಲ್ ಅಂಕಣದ 40 ಮೀಟರ್ ಉದ್ದ, 20 ಮೀಟರ್ ಅಗಲವೇ ಒಳಾಂಗಣ ಹಾಕಿಯ ಅಳತೆಯಾಯಿತು. ಗೋಲು ಕಂಬಗಳೂ ಅದೇ ಅಳತೆ, ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಇದ್ದುದನ್ನು ಬಳಸಿಕೊಂಡು ಆಟ ಕಟ್ಟಿದರು. ನನಗೆ ತುಂಬ ಹಿಡಿಸಿದ್ದು ಇದೇ.

ನಮ್ಮೂರ ಲೆಕ್ಕದಲ್ಲಿ ಹೇಳುತ್ತೇನೆ. 40 ಗುಣಿಸು 20 ಅಂದರೆ 800 ಚದರ ಮೀಟರ್, ಹತ್ತಿರ ಹತ್ತಿರ ಎಂಟು ಗುಂಟೆ. ಹೊರಾಂಗಣ ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಅದು ಒಂದು ಎಕರೆ ಹತ್ತು ಗುಂಟೆ. ಕಬ್ಬಿನ ಸೀಮೆಯಲ್ಲಿ ಒಂದು ಎಕರೆ ಹತ್ತು ಗುಂಟೆ ಸಪಾಟು ಜಾಗವನ್ನು ಆಟಕ್ಕೆ ಬಿಟ್ಟುಕೊಡಿ ಅಂದರೆ ಯಾರೂ ಹತ್ತಿರ ಬರಗೊಡುವುದಿಲ್ಲ. ಎಂಟು ಗುಂಟೆ ಕೇಳಿದರೆ ಕುಳಿತು ಮಾತಾಡಿಯಾರು.

ಜಾಗ ಆರನೇ ಒಂದು ಭಾಗಕ್ಕೆ ಇಳಿದಾಗ ಆಟದ ಸ್ವಭಾವವೂ ಬದಲಾಯಿತು. ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲ, ಮಣಿಕಟ್ಟಿನ ಚುರುಕಿನಿಂದಲೇ ದಾರಿ ಮಾಡಿಕೊಳ್ಳಬೇಕು. ಯೋಚಿಸಲು ಸಿಗುವುದು ಅರೆ ಕ್ಷಣ. ಮೊದಲು 20 ನಿಮಿಷದ ಎರಡು ಅವಧಿ ಇದ್ದವು, ಈಗ 10 ನಿಮಿಷದ ನಾಲ್ಕು. ಒಟ್ಟು ನಲವತ್ತೇ ನಿಮಿಷ, ಆದರೂ ಬದಲಿ ಆಟಗಾರರು ಮೇಲಿಂದ ಮೇಲೆ ಒಳಹೊರಗೆ ಓಡಾಡುತ್ತಿರುತ್ತಾರೆ. ಅಷ್ಟು ದಣಿವು.

ಕ್ಲಬ್‌ಗಳ ಚಳಿಗಾಲದ ಅಭ್ಯಾಸವಾಗಿದ್ದ ಆಟ ನಿಧಾನಕ್ಕೆ ದೇಶ ದೇಶಗಳ ನಡುವಿನ ಸ್ಪರ್ಧೆಯಾಯಿತು. 1974ರಲ್ಲಿ ಬರ್ಲಿನ್‌ನಲ್ಲಿ ಪುರುಷರ ಮೊದಲ ಯುರೋಪ್ ಚಾಂಪಿಯನ್‌ಷಿಪ್ ನಡೆಯಿತು, ಗೆದ್ದದ್ದು ಪಶ್ಚಿಮ ಜರ್ಮನಿ. ಮರುವರ್ಷ ಮಹಿಳೆಯರದೂ ಆರಂಭವಾಯಿತು. ವಿಶ್ವಕಪ್ ಆಗಲು ಮಾತ್ರ ಇನ್ನೂ ಮೂರು ದಶಕ ಹಿಡಿಯಿತು. 2003ರ ಫೆಬ್ರುವರಿಯಲ್ಲಿ, ಆಟ ಹುಟ್ಟಿದ ಜರ್ಮನಿಯಲ್ಲೇ, ಲೈಪ್‌ಜಿಗ್ ನಗರದಲ್ಲಿ ಮೊದಲ ಒಳಾಂಗಣ ವಿಶ್ವಕಪ್ ನಡೆಯಿತು. ಪುರುಷರು, ಮಹಿಳೆಯರು ಇಬ್ಬರದೂ ಒಂದೇ ಊರಲ್ಲಿ, ಒಂದೇ ವಾರದಲ್ಲಿ. ಎರಡೂ ಕಪ್ ಜರ್ಮನಿಗೆ ಹೋದವು.

ಆಮೇಲೆ 2007ರಲ್ಲಿ ಆಸ್ಟ್ರಿಯಾದ ವಿಯೆನ್ನಾ, 2011ರಲ್ಲಿ ಪೋಲೆಂಡಿನ ಪೊಜ್ನಾನ್, 2015ರಲ್ಲಿ ಮತ್ತೆ ಲೈಪ್‌ಜಿಗ್, 2018ರಲ್ಲಿ ಬರ್ಲಿನ್. 2022ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ನಡೆಯಬೇಕಿದ್ದುದು ಕೊರೊನಾದಿಂದ ರದ್ದಾಯಿತು. 2023ರಲ್ಲಿ ಟೂರ್ನಿ ಮೊದಲ ಸಲ ಯುರೋಪಿನ ಹೊರಗೆ ಕಾಲಿಟ್ಟು ದಕ್ಷಿಣ ಆಫ್ರಿಕದ ಪ್ರಿಟೋರಿಯಾಕ್ಕೆ ಬಂತು. 2025ರ ಫೆಬ್ರುವರಿಯದು ಕ್ರೊಯೇಷಿಯಾದ ಪೊರೆಚ್‌ನಲ್ಲಿ. ಪರೀಕ್ಷೆಗೆ ಓದುವವರು ಬೇಕಿದ್ದರೆ ಈ ಸಾಲನ್ನು ಬರೆದಿಟ್ಟುಕೊಳ್ಳಿ. ನನ್ನ ಕಾಲು ಅಂಕ ನಿಮಗಾದರೂ ಉಳಿಯಲಿ.

ಮೂರು ಸಲ ಸೋತವರು

ಆದರೆ ನಾನು ಆ ರಾತ್ರಿ ಒಂದು ಗಂಟೆಯವರೆಗೆ ಎದ್ದಿದ್ದು ಊರು, ಇಸವಿಗಳಿಗಾಗಿ ಅಲ್ಲ. ಪೋಲೆಂಡಿನ ಕತೆಗಾಗಿ.

2003ರ ಪುರುಷರ ಫೈನಲ್‌ನಲ್ಲಿ ಜರ್ಮನಿಗೆ ಎದುರಾದದ್ದು ಪೋಲೆಂಡ್. ಸೋತಿತು. 2007ರಲ್ಲಿ ಮತ್ತೆ ಅದೇ ಎರಡು ತಂಡ. ಮತ್ತೆ ಸೋತಿತು. 2011ರಲ್ಲಿ ಫೈನಲ್ ತಮ್ಮದೇ ಊರು ಪೊಜ್ನಾನ್‌ನಲ್ಲಿ, ತಮ್ಮದೇ ಜನರ ಮುಂದೆ. ಆಗಲೂ ಎದುರಾಳಿ ಜರ್ಮನಿಯೇ, ಆಗಲೂ ಸೋಲೇ. ಮೂರು ವಿಶ್ವಕಪ್, ಮೂರು ಫೈನಲ್, ಅದೇ ಎದುರಾಳಿ.

ಇದನ್ನು ಓದುವಾಗ ನನಗೆ ನಮ್ಮದೇ ನೆನಪಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಆ ಜಿಲ್ಲಾ ಮಟ್ಟದ ಫೈನಲ್ ತಲುಪಿ ಸೋತೆವು. ಹತ್ತನೇ ತರಗತಿಯಲ್ಲಿ ಮತ್ತೆ ತಲುಪಿ, ಅದೇ ತಂಡಕ್ಕೆ ಮತ್ತೆ ಸೋತೆವು. ಎರಡನೇ ಸಲ ಪ್ರಮಾಣಪತ್ರ ಕೊಡುವಾಗ ನಮ್ಮ ಗೋಲ್‌ಕೀಪರ್ ಅದನ್ನು ನೋಡಲೂ ಇಲ್ಲ, ಮಡಚಿ ಪ್ಯಾಡಿನೊಳಗೆ ತುರುಕಿದಳು. ಪೋಲೆಂಡಿನವರು ಪೊಜ್ನಾನ್‌ನಲ್ಲಿ ಪದಕ ಕೊರಳಿಗೆ ಹಾಕಿಸಿಕೊಳ್ಳುವಾಗ ಹೇಗೆ ನಿಂತಿದ್ದರೋ ಎಂದು ಯೋಚಿಸಿದೆ.

ಜರ್ಮನಿಯ ಓಟ 2015ರಲ್ಲಿ ನಿಂತಿತು. ಆ ವರ್ಷ ಎರಡೂ ಕಪ್ ನೆದರ್ಲೆಂಡ್ಸ್ ಒಯ್ದಿತು. ಪುರುಷರ ಫೈನಲ್‌ನಲ್ಲಿ ಸೋತ ತಂಡ ಆಸ್ಟ್ರಿಯಾ. ಹೊರಾಂಗಣ ಹಾಕಿಯಲ್ಲಿ ಆಸ್ಟ್ರಿಯಾ ದೊಡ್ಡ ಹೆಸರೇನಲ್ಲ. ಅದೇ ಆಸ್ಟ್ರಿಯಾ ಮೂರು ವರ್ಷದ ನಂತರ ಬರ್ಲಿನ್‌ನಲ್ಲಿ, ಜರ್ಮನಿಯ ಅಂಗಳದಲ್ಲೇ, ಜರ್ಮನಿಯನ್ನು ಫೈನಲ್‌ನ ಶೂಟೌಟ್‌ನಲ್ಲಿ ಮಣಿಸಿ ವಿಶ್ವ ಚಾಂಪಿಯನ್ ಆಯಿತು. ಅದೇ ಟೂರ್ನಿಯಲ್ಲಿ ಕಂಚು ಗೆದ್ದವರು ಯಾರು ಗೊತ್ತೆ? ಇರಾನ್. ಹಾಕಿ ಅಂದ ಕೂಡಲೇ ನಮ್ಮ ಬಾಯಿಗೆ ಬರುವ ದೇಶಗಳಲ್ಲಿ ಇರಾನ್ ಎಂದಾದರೂ ಇತ್ತೆ? ಒಂದು ಎಕರೆ ಹತ್ತು ಗುಂಟೆಯಲ್ಲಿ ಗುರುತಿಲ್ಲದವರು ಎಂಟು ಗುಂಟೆಯಲ್ಲಿ ಜಗತ್ತಿನ ಮುಂದೆ ನಿಂತರು.

ಇನ್ನು ಪೋಲೆಂಡ್. ಆ ದೇಶಕ್ಕೆ ಕೊನೆಗೂ ಕಪ್ ಬಂತು. ತಂದವರು ಮಹಿಳೆಯರು, 2025ರಲ್ಲಿ, ಪೊರೆಚ್‌ನಲ್ಲಿ. ಮೊದಲ ಫೈನಲ್ ಸೋತು ಸರಿಯಾಗಿ 22 ವರ್ಷದ ಮೇಲೆ. ಆ ತಂಡದಲ್ಲಿ 2003ರಲ್ಲಿ ಇನ್ನೂ ಸ್ಟಿಕ್ ಹಿಡಿಯದ, ಕೆಲವರಾದರೂ ಇನ್ನೂ ನಡೆಯಲು ಕಲಿಯುತ್ತಿದ್ದ ಹುಡುಗಿಯರು ಇದ್ದಿರಬೇಕು.

ನಾವೆಲ್ಲಿ?

ಒಲಿಂಪಿಕ್ಸ್ ಹಾಕಿಯಲ್ಲಿ ಎಂಟು ಚಿನ್ನ ಗೆದ್ದ ದೇಶ ನಮ್ಮದು. ಒಳಾಂಗಣ ವಿಶ್ವಕಪ್ಪಿನ ಪದಕ ಪಟ್ಟಿಯಲ್ಲಿ ಮಾತ್ರ ಭಾರತದ ಹೆಸರಿಲ್ಲ. ಕಾರಣ ಸರಳ. ನಮಗೆ ಹಿಮವಿಲ್ಲ. ಜರ್ಮನಿಯವರು ಒಳಗೆ ಸೇರುವ ಚಳಿಗಾಲವೇ ನಮ್ಮಲ್ಲಿ ಹೊರಗೆ ಆಡಲು ಒಳ್ಳೆಯ ಕಾಲ. ಬೇಕೆನಿಸದ್ದನ್ನು ಯಾರು ಕಟ್ಟುತ್ತಾರೆ?

ಬೆಳಗಾವಿ ಜಿಲ್ಲೆಗೆ ಹಾಕಿ ಹೊಸದೇನಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಪಾಕಿಸ್ತಾನವನ್ನು 1–0ಯಿಂದ ಸೋಲಿಸಿದ ಭಾರತ ತಂಡದ ಸದಸ್ಯರಲ್ಲಿ ಬೆಳಗಾವಿಯ ಬಂಡು ಪಾಟೀಲ ಒಬ್ಬರು. ಆ ಪಂದ್ಯದಲ್ಲಿ ಗೋಲು ಕಾದ ಶಂಕರ್ ಲಕ್ಷ್ಮಣ್ ಮಧ್ಯಪ್ರದೇಶದ ಮಹೂದವರು, ಆದರೆ ಸೈನಿಕರಾಗಿ ಮರಾಠಾ ಲಘು ಪದಾತಿ ದಳದವರು. ಆ ದಳದ ಕೇಂದ್ರ ಇರುವುದು ಬೆಳಗಾವಿಯಲ್ಲಿ. ಅವರ ಕಾಲದ ಹಾಕಿ ಹುಲ್ಲು, ಮಣ್ಣಿನ ಹಾಕಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಕೃತಕ ಹುಲ್ಲಿನ ಟರ್ಫ್ ಬಂತು. ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಅಂದಿನಿಂದ ದೊಡ್ಡ ಹಾಕಿ ಅಂದರೆ ಟರ್ಫ್. ಟರ್ಫ್ ಅಂದರೆ ಕೋಟಿಗಟ್ಟಲೆ ಹಣ, ದಿನಾ ನೀರು, ದೊಡ್ಡ ಊರು. ಎರೆ ಮಣ್ಣಿನಲ್ಲಿ ಕಲಿತ ಹುಡುಗಿ ಮೊದಲ ಸಲ ಟರ್ಫ್ ಮೇಲೆ ನಿಂತಾಗ ಚೆಂಡು ಕಣ್ಣ ಮುಂದೆಯೇ ಜಾರಿಹೋಗುತ್ತದೆ. ನನಗೆ ಆದದ್ದನ್ನೇ ಹೇಳುತ್ತಿದ್ದೇನೆ. ಕಾಲೇಜಿನಲ್ಲಿದ್ದಾಗ ಒಂದು ಆಯ್ಕೆ ಶಿಬಿರದಲ್ಲಿ ಮೊದಲ ಹತ್ತು ನಿಮಿಷ ನಾನು ಚೆಂಡಿನ ಹಿಂದೆ ಓಡಿದ್ದೇ ಓಡಿದ್ದು.

ಆದರೆ ಅಂದು ನನಗೇ ಆಶ್ಚರ್ಯ ತಂದ ಸಂಗತಿ ಇನ್ನೊಂದು. ಹತ್ತು ನಿಮಿಷದ ನಂತರ ಕೈ ಹೊಂದಿಕೊಂಡಿತು. ಮಣ್ಣಿನ ಮೈದಾನ ಕಲಿಸದ ವೇಗವನ್ನು ಬೆಲ್ಲದ ಶೆಡ್ಡಿನ ಸಿಮೆಂಟು ಕಲಿಸಿತ್ತು. ಸಮ ನೆಲದ ಮೇಲೆ ಚೆಂಡು ಸುಳ್ಳು ಹೇಳುವುದಿಲ್ಲ. ತಳ್ಳಿದರೆ ನೆಟ್ಟಗೆ ಹೋಗುತ್ತದೆ, ತಪ್ಪಾದರೆ ತಪ್ಪು ನಿಮ್ಮದೇ. ನಾನು ಆಯ್ಕೆಯಾಗಲಿಲ್ಲ, ಅದು ಬೇರೆ ಮಾತು. ನನಗಿಂತ ಚೆನ್ನಾಗಿ ಆಡಿದವರು ಅಲ್ಲಿದ್ದರು.

ಚಿಕ್ಕ ಅಂಕಣದಿಂದ ದೊಡ್ಡ ಅಂಕಣಕ್ಕೆ ದಾರಿ ಇದೆ ಎಂಬುದಕ್ಕೆ ನನ್ನ ಉದಾಹರಣೆ ಬೇಡ. ಒಳಾಂಗಣ ಹಾಕಿಯ ತಂಗಿಯಂತಿರುವ ಐವರ ಹಾಕಿ, ಅಂದರೆ ಹಾಕಿ ಫೈವ್ಸ್ ನೋಡಿ. ಅಲ್ಲೂ ಚಿಕ್ಕ ಅಂಕಣ, ಚೆಂಡು ಮರಳಿಸುವ ಹಲಗೆ. 2018ರಲ್ಲಿ ಬ್ಯೂನಸ್ ಐರಿಸ್‌ನ ಯುವ ಒಲಿಂಪಿಕ್ಸ್‌ನಲ್ಲಿ ಈ ಮಾದರಿಯಲ್ಲಿ ಭಾರತದ ಹುಡುಗರು, ಹುಡುಗಿಯರು ಇಬ್ಬರೂ ಬೆಳ್ಳಿ ಗೆದ್ದರು. ಹುಡುಗರ ನಾಯಕ ವಿವೇಕ್ ಸಾಗರ್ ಪ್ರಸಾದ್ ಮೂರು ವರ್ಷದ ನಂತರ ಟೋಕಿಯೊದಲ್ಲಿ ಒಲಿಂಪಿಕ್ ಕಂಚು ಗೆದ್ದ ತಂಡದಲ್ಲಿದ್ದರು. ಹುಡುಗಿಯರ ನಾಯಕಿ ಸಲೀಮಾ ಟೆಟೆ, ಜಾರ್ಖಂಡಿನ ಸಿಮ್‌ಡೇಗಾ ಜಿಲ್ಲೆಯ ಹಳ್ಳಿಯವರು, ಮುಂದೆ ಭಾರತ ಮಹಿಳಾ ತಂಡದ ನಾಯಕಿಯಾದರು. 2024ರ ಜನವರಿಯಲ್ಲಿ ಒಮಾನ್‌ನ ಮಸ್ಕತ್‌ನಲ್ಲಿ ನಡೆದ ಮೊದಲ ಹಾಕಿ ಫೈವ್ಸ್ ವಿಶ್ವಕಪ್‌ನಲ್ಲಿ ನಮ್ಮ ಮಹಿಳೆಯರು ಫೈನಲ್ ತಲುಪಿ ಬೆಳ್ಳಿ ತಂದರು. ನಮ್ಮ ಕೊಡಗಿನ ಎಸ್.ವಿ. ಸುನಿಲ್ 2021ರಲ್ಲಿ ದೊಡ್ಡ ಹಾಕಿಗೆ ವಿದಾಯ ಹೇಳುವಾಗಲೂ, ಚಿಕ್ಕ ಮಾದರಿಯ ಆಟಕ್ಕೆ ತಾನು ಲಭ್ಯ ಎಂದು ತಿಳಿಸಿದ್ದರು. ಅಂಥ ಆಟಗಾರನೂ ಚಿಕ್ಕ ಅಂಕಣವನ್ನು ಚಿಕ್ಕದೆಂದು ಬಿಡಲಿಲ್ಲ.

ಒಳಗೆ ಆಡಲಿ, ಹೊರಗೆ ಬೇಡ

ಇಲ್ಲಿ ಒಂದು ನಿಜ ಹೇಳಬೇಕು. ನಮ್ಮ ಶೆಡ್ಡಿನ ಆಟಕ್ಕೆ ಮಳೆ ಮಾತ್ರ ಕಾರಣವಾಗಿರಲಿಲ್ಲ.

ಎಂಟನೇ ತರಗತಿಯ ಹುಡುಗಿ ಟ್ರ್ಯಾಕ್ ಪ್ಯಾಂಟ್ ಹಾಕಿ ರಸ್ತೆ ಬದಿಯ ಮೈದಾನದಲ್ಲಿ ಓಡುವುದು ನಮ್ಮ ಕೆಲವು ಮನೆಗಳಿಗೆ ಹಿಡಿಸುತ್ತಿರಲಿಲ್ಲ. ‘ಹಾದಿಗೆ ಹೋಗೂ ನಾಕ ಮಂದಿ ನೋಡ್ತಾರ. ಶೆಡ್ಡಿನ ಒಳಗ ಆದ್ರ ಆಡ್ಲಿ’ ಎಂದು ನಮ್ಮವ್ವನೇ ಹೇಳಿದ್ದಳು. ಶೆಡ್ಡಿಗೆ ಹೋದ ಮೇಲೆ ಹುಡುಗಿಯರ ಸಂಖ್ಯೆ ಆರರಿಂದ ಹದಿನಾಲ್ಕಕ್ಕೆ ಏರಿತು. ಸರ್‌ಗೆ ಖುಷಿಯೋ ಖುಷಿ. ಆದರೆ ಪಂದ್ಯದ ದಿನ ಹೊರಗೇ ಆಡಬೇಕಲ್ಲ! ಮೊದಲ ಜಿಲ್ಲಾ ಫೈನಲ್‌ಗೆ ಹೊರಟಾಗ ಐವರನ್ನು ಮನೆಯವರು ಕಳುಹಿಸಲಿಲ್ಲ. ಹನ್ನೊಂದು ಕೂಡಿಸಲು ಕಬಡ್ಡಿ ತಂಡದ ಇಬ್ಬರನ್ನು ಕರೆದುಕೊಂಡು ಹೋದೆವು. ಅವರಲ್ಲಿ ಒಬ್ಬಳಿಗೆ ಸ್ಟಿಕ್ಕಿನ ಯಾವ ಬದಿಯಿಂದ ಆಡಬೇಕೆಂದು ಬಸ್ಸಿನಲ್ಲಿ ಹೇಳಿಕೊಟ್ಟೆವು. ಸೋಲದೆ ಇನ್ನೇನು?

ಒಳಗೆ ಸಿಗುವ ಅನುಮತಿ ಅರ್ಧ ಅನುಮತಿ. ಅದು ನನಗೆ ಅಂದೇ ಗೊತ್ತಾಯಿತು. ಆದರೆ ಅರ್ಧವೂ ಇಲ್ಲದಿದ್ದರೆ ನಾನು ಸ್ಟಿಕ್ ಹಿಡಿಯುತ್ತಲೇ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಮುಂದೆ ಕಾಲೇಜಿಗೆ ಗೋಕಾಕಕ್ಕೆ ಬಂದಾಗ ಮೂರೂ ತಾಲ್ಲೂಕಿನ ಹುಡುಗಿಯರು ಒಂದಾದೆವು. ಗೋಕಾಕ ಫಾಲ್ಸ್‌ನ ಗಿರಣಿ ಕಾರ್ಮಿಕರ ಮನೆಯವಳೊಬ್ಬಳು, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮ್ ಕಡೆಯ ಇಬ್ಬರು, ಮೂಡಲಗಿ ಕಡೆಯ ನಾವು ನಾಲ್ವರು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ನೀರು ಇಳಿದ ಮೇಲೆ ನಾವು ಆಡುತ್ತಿದ್ದ ಬಯಲಿನಲ್ಲಿ ಮೊಣಕಾಲುದ್ದ ಹೂಳು. ಮನೆಗಳೇ ಬಿದ್ದಿರುವಾಗ ಆಟದ ಮಾತು ಯಾರು ಎತ್ತುತ್ತಾರೆ? ಆ ವರ್ಷ ಸ್ಟಿಕ್‌ಗಳು ಅಟ್ಟ ಸೇರಿದವು. ಮರುವರ್ಷ ಕೊರೊನಾ. ಆಡುವ ವಯಸ್ಸಿನ ಎರಡು ವರ್ಷ ಹಾಗೇ ಹೋದವು.

ಆ ಏಳು ಜನ ಈಗ ಎಲ್ಲಿದ್ದಾರೆಂದು ಕೇಳಿದರೆ ಒಬ್ಬಳು ಪೊಲೀಸ್ ಇಲಾಖೆಯಲ್ಲಿದ್ದಾಳೆ. ಒಬ್ಬಳು ಬಿ.ಪಿ.ಇಡಿ. ಮುಗಿಸಿ ಖಾಸಗಿ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಮೂವರಿಗೆ ಮದುವೆಯಾಗಿದೆ. ಒಬ್ಬಳು ಬ್ಯಾಂಕ್ ಪರೀಕ್ಷೆಗೆ, ನಾನು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದೇವೆ. ಹಾಕಿಯಿಂದ ನನಗೆ ನೌಕರಿ ಸಿಗಲಿಲ್ಲ. ಕ್ರೀಡಾ ಕೋಟಾದ ಆಸೆ ಇಟ್ಟುಕೊಂಡವರಿಗೆ ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕೇಂದ್ರ ಸರ್ಕಾರದ ‘ಸಿ’ ಗುಂಪಿನ ಹುದ್ದೆಗಳಿಗೆ ಕ್ರೀಡಾ ಕೋಟಾದಲ್ಲಿ ಲೆಕ್ಕಕ್ಕೆ ಬರುವುದು ದೇಶವನ್ನು, ರಾಜ್ಯವನ್ನು, ಅಥವಾ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಪ್ರಮಾಣಪತ್ರ. ರಾಜ್ಯದ ಶಾಲಾ ತಂಡದಲ್ಲಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಆಡಿದ್ದರೂ ಆದೀತು. ಜಿಲ್ಲಾ ಮಟ್ಟದ ಎರಡನೇ ಸ್ಥಾನ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಲು ಚೆಂದ, ಅರ್ಜಿಗೆ ಬಾರದು. ಹಾಕಿ ನನಗೆ ಕೊಟ್ಟದ್ದು ಬೇರೆ. ದೈಹಿಕ ಪರೀಕ್ಷೆಯ 400 ಮೀಟರ್ ಓಟದಲ್ಲಿ ಎದೆ ಡವಗುಟ್ಟಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ತಪ್ಪಿದಾಗ ಎರಡು ದಿನ ಅತ್ತೆ, ಮೂರನೇ ದಿನ ಪುಸ್ತಕ ತೆಗೆದೆ. ಸೋತ ಮರುದಿನ ಅಭ್ಯಾಸಕ್ಕೆ ಬರಬೇಕೆಂಬುದು ಸರ್ ಹಾಕಿದ ಕಟ್ಟಳೆಯಾಗಿತ್ತು.

ಭಾನುವಾರದ ಎರಡು ಗಂಟೆ

ಅಣಕು ಪರೀಕ್ಷೆಯ ಮರುವಾರ ಊರಿಗೆ ಹೋದಾಗ ಶೆಡ್ಡಿನ ಕಡೆ ಕಾಲು ಎಳೆಯಿತು. ಕಾಕಾ ಈಗಿಲ್ಲ. ಗಾಣವನ್ನು ಮಗ ನೋಡಿಕೊಳ್ಳುತ್ತಾನೆ. ಬೆಂಚುಗಳು ಮೂಲೆಯಲ್ಲಿ ಹಾಗೇ ಇದ್ದವು, ಮೇಲೆ ಗೋಣಿಚೀಲದ ರಾಶಿ. ಅಂದು ಸಂಜೆ ಟೇಪು ಹಿಡಿದು ಶೆಡ್ಡನ್ನು ಅಳೆದೆ. 31 ಮೀಟರ್ ಉದ್ದ, 14 ಮೀಟರ್ ಅಗಲ. ಅಂತರರಾಷ್ಟ್ರೀಯ ಅಳತೆಗೆ ಕಮ್ಮಿ. ಕಲಿಯಲಿಕ್ಕೆ ಸಾಕು.

ಈಗ ಭಾನುವಾರ ಬೆಳಿಗ್ಗೆ ಎರಡು ಗಂಟೆ ನಮ್ಮ ಹಳೆಯ ಗೋಲ್‌ಕೀಪರ್ ಮತ್ತು ನಾನು ಹುಡುಗಿಯರಿಗೆ ಆಡಿಸುತ್ತೇವೆ. ಎಂಟು ಸ್ಟಿಕ್, ಹನ್ನೊಂದು ಹುಡುಗಿಯರು. ಸರದಿಯ ಮೇಲೆ ಆಡುತ್ತಾರೆ. ಒಳಾಂಗಣ ಹಾಕಿಯ ನಿಯಮ ಅದಕ್ಕೆ ಹೇಳಿ ಮಾಡಿಸಿದಂತಿದೆ. ‘ಮೊದಲ ನಿನ್ನ ಪರೀಕ್ಷಾ ಮುಗಸು, ಆಮ್ಯಾಲ ಊರ ಉದ್ಧಾರ ಮಾಡೀಯಂತ’ ಎಂದು ಅವ್ವ ಬೈಯುತ್ತಾಳೆ. ಅವಳ ಮಾತಿನಲ್ಲಿ ತಪ್ಪಿಲ್ಲ. ಆದ್ದರಿಂದ ಎರಡು ಗಂಟೆ ಅಂದರೆ ಎರಡೇ ಗಂಟೆ, ಹತ್ತಕ್ಕೆ ಗೋಕಾಕದ ಬಸ್ಸು ಹಿಡಿಯುತ್ತೇನೆ.

ಟರ್ಫ್ ಕೇಳುವ ಬಲ ನಮ್ಮಂಥ ಊರುಗಳಿಗೆ ಇಲ್ಲ. ಆದರೆ ಶಾಲೆಯ ಹಿಂದೆ ಎಂಟು ಗುಂಟೆ ಸಿಮೆಂಟು ನೆಲ, ಸುತ್ತ ಗೇಣೆತ್ತರದ ಹಲಗೆ, ಸಾಧ್ಯವಾದರೆ ಮೇಲೆ ತಗಡು ಎಂದು ಕೇಳಬಹುದು. ಅದರಲ್ಲೇ ವಾಲಿಬಾಲ್, ಕಬಡ್ಡಿಯೂ ನಡೆದೀತು. ಪಂಚಾಯಿತಿಗೆ ಕೊಡಲು ಒಂದು ಅರ್ಜಿ ಬರೆದಿದ್ದೇನೆ. ಪೊಜ್ನಾನ್, ಪೊರೆಚ್ ಎಂದೆಲ್ಲ ಅದರಲ್ಲಿ ಬರೆದಿಲ್ಲ. ಅಳತೆ ಮತ್ತು ಹುಡುಗಿಯರ ಸಂಖ್ಯೆ ಎರಡನ್ನೇ ಬರೆದಿದ್ದೇನೆ.

ಹೋದ ಭಾನುವಾರ ಆಟ ಮುಗಿದ ಮೇಲೆ ಪೋಲೆಂಡಿನ ಕತೆ ಹೇಳಿದೆ. ಮೂರು ಫೈನಲ್ ಸೋತದ್ದು, 22 ವರ್ಷ ಕಾದದ್ದು, ಕೊನೆಗೆ ಹೆಣ್ಣುಮಕ್ಕಳು ಗೆದ್ದದ್ದು. ಎಲ್ಲರೂ ಬಾಯಿ ತೆರೆದು ಕೇಳಿದರು. ಎಂಟನೇ ತರಗತಿಯ ಒಬ್ಬಳು ಮಾತ್ರ ವ್ಯವಹಾರದ ಪ್ರಶ್ನೆ ಕೇಳಿದಳು. ‘ಅಕ್ಕಾ, ಈ ಶೆಡ್ಡಿನ ಆಟಕ್ಕ ಸರ್ಟಿಫಿಕೇಟ್ ಸಿಗ್ತೈತೇನ್ರಿ?’

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ‘ಇಲ್ಲವ್ವಾ. ಅದು ಸಿಗೂದು ಹೊರಗ ಮೈದಾನದಾಗ ಆಡಿದ್ರ’ ಅಂದೆ.

ಅವಳು ಸ್ವಲ್ಪ ಹೊತ್ತು ಬಾಗಿಲಾಚೆಯ ಕೆಸರು ನೋಡಿದಳು. ಆಮೇಲೆ ಸ್ಟಿಕ್ಕನ್ನು ಗೋಡೆಗೆ ಒರಗಿಸಿ ಹೇಳಿದಳು: ‘ಹಂಗಾರ ಮಳಿ ನಿಂತ ಮ್ಯಾಲ ಹೊರಗ ಆಡೂಣ್ರಿ. ನಮ್ಮಪ್ಪಗ ನೀವ ಬಂದು ಹೇಳ್ರಿ.’

ಹೋಗಿ ಹೇಳುತ್ತೇನೆ. ಮುಂದಿನ ಭಾನುವಾರ, ಹತ್ತರ ಬಸ್ಸಿಗೆ ಮೊದಲು.